ಕಾಕಟೀಲ್ ಗಂಡೋ ಹೆಣ್ಣೋ? ಜೋಡಿ ತಪ್ಪಿದ್ದನ್ನು ಪತ್ತೆ ಹಚ್ಚುವ ಬಗೆ

ಕಾಕಟೀಲ್ ಅನ್ನುವ ಜುಟ್ಟಿನ ಗಿಳಿ ಸಾಕುವವರ ತಕರಾರುಗಳಲ್ಲಿ ಈ ನಾಲ್ಕು ಮತ್ತೆ ಮತ್ತೆ ಬರುತ್ತವೆ.

- "ಪಕ್ಕಾ ಪೇರ್ ಸಾರ್" ಅಂತ ಅಂಗಡಿಯವರು ಕೊಟ್ಟರು. ಗೂಡಿಗೆ ಬಾಕ್ಸ್ ಕಟ್ಟಿದ್ದೇವೆ, ಕಾಳು, ಸೊಪ್ಪು ಎಲ್ಲ ಕೊಡುತ್ತಿದ್ದೇವೆ. ಒಂದೂ ಮೊಟ್ಟೆಯಿಲ್ಲ.
- ಬಾಕ್ಸ್ ತುಂಬ ಮೊಟ್ಟೆ. ಎರಡೂ ಹಕ್ಕಿ ಕಾವಿಗೆ ಕೂರುತ್ತವೆ. ಮರಿ ಮಾತ್ರ ಒಂದೂ ಆಗಲಿಲ್ಲ.
- ಮೈತುಂಬ ಚುಕ್ಕೆ ಇದ್ದ ಹಕ್ಕಿ ಚುಕ್ಕೆ ಕಳೆದುಕೊಳ್ಳುತ್ತಿದೆ. ಏನಾದರೂ ರೋಗವಾ?
- ಒಂಟಿಯಾಗಿ ಸಾಕಿದ್ದ "ಗಂಡು" ಪಂಜರದ ತಳದಲ್ಲಿ ಮೊಟ್ಟೆ ಇಟ್ಟುಬಿಟ್ಟಿದೆ.

ಇವು ನಾಲ್ಕು ಬೇರೆ ಬೇರೆ ತೊಂದರೆ ಅನ್ನಿಸುತ್ತವೆ. ಆದರೆ ಬಹಳ ಸಲ ಬೇರು ಒಂದೇ. ಗಂಡು ಯಾವುದು, ಹೆಣ್ಣು ಯಾವುದು ಅನ್ನುವ ಮೊದಲ ಊಹೆಯೇ ತಪ್ಪಿರುತ್ತದೆ. ವಿಟಮಿನ್ ಹನಿ, ಹೊಸ ಬಾಕ್ಸ್, ದೊಡ್ಡ ಪಂಜರ ಅಂತ ದುಡ್ಡು ಸುರಿಯುವ ಮೊದಲು ಅದನ್ನು ನೋಡಿಬಿಡಿ.

ನೋಡುವುದಕ್ಕೆ ಒಂದು ಕ್ರಮ ಇದೆ. ಮೊದಲು ವಯಸ್ಸು, ಆಮೇಲೆ ಬಣ್ಣ, ಗುರುತು ಕೊನೆಗೆ. ಜನ ಇದನ್ನು ತಲೆಕೆಳಗು ಮಾಡುತ್ತಾರೆ. ಬಾಲದ ಕೆಳಗೆ ಪಟ್ಟೆ ಕಂಡಿತು, ಹಾಗಾದರೆ ಹೆಣ್ಣು, ಮುಗಿಯಿತು. ಅದೇ ಪಟ್ಟೆ ಒಂದು ವರ್ಷ ದಾಟಿದ ಬೂದು ಹಕ್ಕಿಯಲ್ಲಿದ್ದರೆ ಹೆಣ್ಣು ಅನ್ನುವುದಕ್ಕೆ ಒಳ್ಳೆಯ ಸಾಕ್ಷಿ. ನಾಲ್ಕು ತಿಂಗಳ ಮರಿಯಲ್ಲಿದ್ದರೆ ಅದರಿಂದ ಏನೂ ಗೊತ್ತಾಗುವುದಿಲ್ಲ.

ವಯಸ್ಸು ತಿಳಿಯದೆ ಮುಂದೆ ಹೋಗಬೇಡಿ

ಕಾಕಟೀಲ್ ಮರಿಗಳೆಲ್ಲ ನೋಡಲು ಹೆಣ್ಣಿನ ಹಾಗೇ ಇರುತ್ತವೆ. ಮಂಕು ಮುಖ, ಬಾಲದ ಅಡಿಯಲ್ಲಿ ಹಳದಿ ಪಟ್ಟೆ, ರೆಕ್ಕೆಯ ಒಳಮೈಯಲ್ಲಿ ಹಳದಿ ಚುಕ್ಕೆ ಗಂಡುಮರಿಗೂ ಇರುತ್ತವೆ. ಸುಮಾರು ಆರು ತಿಂಗಳಿಂದ ಒಂದು ವರ್ಷದ ಒಳಗೆ ಮೊದಲ ಸಲ ಪೂರ್ತಿ ಗರಿ ಉದುರಿಸಿ ಹೊಸ ಗರಿ ಬಂದ ಮೇಲೆಯೇ ಗಂಡಿನ ಬಣ್ಣ ಹೊರಬರುವುದು.

ನಮ್ಮಲ್ಲಿ ಹೆಚ್ಚಿನವರು ಕೊಳ್ಳುವುದು ಎರಡು ಮೂರು ತಿಂಗಳ ಮರಿಗಳನ್ನು. ಕೈಗೆ ಬೇಗ ಪಳಗುತ್ತವೆ ಅಂತ. ಆ ವಯಸ್ಸಿನ ಎರಡು ಬೂದು ಮರಿಗಳನ್ನು ಮುಂದಿಟ್ಟು ಇದು ಗಂಡು, ಇದು ಹೆಣ್ಣು ಅಂತ ಮಾರುವವನು ಬಣ್ಣ ನೋಡಿ ಹೇಳುತ್ತಿಲ್ಲ, ಊಹಿಸುತ್ತಿದ್ದಾನೆ. ಊಹೆ ಅರ್ಧಕ್ಕರ್ಧ ಸರಿಯಾಗುವುದರಿಂದ ಅವನ ಹೆಸರು ಕೆಡುವುದೂ ಇಲ್ಲ!

ಕಾಲಿಗೆ ಮುಚ್ಚಿದ ಉಂಗುರ ಇದ್ದು, ಅದರ ಮೇಲೆ ಇಸವಿ ಇದ್ದರೆ ವಯಸ್ಸು ಸುಲಭ. ಉಂಗುರದ ಬಣ್ಣ ನೋಡಿ ಗಂಡು ಹೆಣ್ಣು ಹೇಳಲು ಹೋಗಬೇಡಿ, ಅದು ಆಯಾ ಸಾಕಣೆದಾರರ ಇಷ್ಟ. ಉಂಗುರ ಇಲ್ಲದಿದ್ದರೆ ಜುಟ್ಟು ಮತ್ತು ಬಾಲದ ಉದ್ದ ನೋಡಿ. ಮರಿಗಳಲ್ಲಿ ಎರಡೂ ಗಿಡ್ಡ. ಅನುಮಾನ ಇದ್ದರೆ ಹಕ್ಕಿ ಮನೆಗೆ ಬಂದ ದಿನದಿಂದ ಒಂದು ವರ್ಷ ಎಣಿಸಿ. ಅಲ್ಲಿಯವರೆಗೆ ಬಣ್ಣದ ಗುರುತುಗಳನ್ನು ಪಕ್ಕಕ್ಕಿಡಿ.

ಯಾವ ಬಣ್ಣದ ಹಕ್ಕಿ?

ಕಾಕಟೀಲ್ ಆಸ್ಟ್ರೇಲಿಯಾದ ಒಳನಾಡಿನ ಒಣ ಬಯಲಿನ ಹಕ್ಕಿ. ಅಲ್ಲಿ ಸಾಮಾನ್ಯವಾಗಿ ಹಾರಾಡುವುದು ಬೂದು ಬಣ್ಣದ್ದು, ನಾವು ಗ್ರೇ ಅನ್ನುವುದು. ಮಿಕ್ಕ ಬಣ್ಣಗಳು ಪಂಜರದಲ್ಲಿ ಬೆಳೆದು ಬಂದವು. 1949ರ ಸುಮಾರಿಗೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪೈಡ್, ಅಂದರೆ ಬಿಳಿ-ಹಳದಿ ತೇಪೆಗಳ ಹಕ್ಕಿ, ಬಂತು. 1958ರಲ್ಲಿ ಫ್ಲಾರಿಡಾದಲ್ಲಿ ಲುಟಿನೊ ಬಂತು. ಪುಸ್ತಕಗಳಲ್ಲಿ ಕಾಣುವ ಗಂಡು ಹೆಣ್ಣಿನ ಗುರುತುಗಳೆಲ್ಲ ಗ್ರೇ ಹಕ್ಕಿಗೆ ಬರೆದವು. ನಿಮ್ಮ ಮನೆಯ ಹಳದಿ ಹಕ್ಕಿಗೆ ಅವನ್ನು ಹಾಗೇ ಅನ್ವಯಿಸಿದರೆ ಎಡವಟ್ಟು.

ಗ್ರೇ ಹಕ್ಕಿಯದು ಸುಲಭ. ವಯಸ್ಸಿಗೆ ಬಂದ ಗಂಡಿನ ಮುಖ ನಿಂಬೆ ಹಳದಿ, ಕೆನ್ನೆಯ ಬೊಟ್ಟು ಕಡು ಕಿತ್ತಳೆ. ಬಾಲದ ಅಡಿ ಪಟ್ಟೆಯಿಲ್ಲದ ಕಪ್ಪು ಬೂದು. ಹೆಣ್ಣಿನ ಮುಖದಲ್ಲಿ ಹಳದಿ ಇದ್ದರೂ ಮೇಲೆ ಬೂದು ಹರಡಿರುತ್ತದೆ, ಕೆನ್ನೆಯ ಕಿತ್ತಳೆ ಮಂಕು. ಬಾಲದ ಅಡಿಯಲ್ಲಿ ಅಡ್ಡಡ್ಡ ಹಳದಿ ಪಟ್ಟೆ. ರೆಕ್ಕೆ ಬಿಡಿಸಿದಾಗ ಒಳಗೆ ಹಳದಿ ಚುಕ್ಕೆಗಳ ಸಾಲು. ಸಿನಮನ್ ಹಕ್ಕಿಗೂ ಇದೇ ಲೆಕ್ಕ, ಬೂದು ಇರುವ ಕಡೆ ಕಂದು ಅಷ್ಟೇ.

ವೈಟ್‌ಫೇಸ್‌ನಲ್ಲಿ ಹಳದಿ, ಕಿತ್ತಳೆ ಎರಡೂ ಇರುವುದಿಲ್ಲ. ಹಾಗಾಗಿ ಕೆನ್ನೆ ನೋಡಿ ಉಪಯೋಗವಿಲ್ಲ. ಮುಖ ನೋಡಿ. ಬೆಳೆದ ಗಂಡಿಗೆ ಅಚ್ಚ ಬಿಳಿ ಮುಖ, ಹೆಣ್ಣಿಗೆ ಬೂದು ಮುಖ. ಹೆಣ್ಣಿನ ಬಾಲದ ಪಟ್ಟೆ ಇಲ್ಲಿ ಬಿಳಿ.

ಪರ್ಲ್ ಹಕ್ಕಿ, ಅಂದರೆ ಮೈಮೇಲೆ ಮುತ್ತು ಚೆಲ್ಲಿದ ಹಾಗೆ ಚುಕ್ಕೆ ಇರುವುದು, ಮೂರನೇ ತಕರಾರಿಗೆ ಉತ್ತರ. ಪರ್ಲ್ ಗಂಡು ಚಿಕ್ಕಂದಿನಲ್ಲಿ ಮೈತುಂಬ ಚುಕ್ಕೆ ಹೊತ್ತಿರುತ್ತದೆ. ಗರಿ ಬದಲಾಗುವಾಗ ಹೊಸ ಗರಿಯಲ್ಲಿ ಮೆಲನಿನ್ ಅನ್ನುವ ಕಪ್ಪು ಬಣ್ಣ ಜಾಸ್ತಿಯಾಗಿ ಚುಕ್ಕೆಯನ್ನು ಮುಚ್ಚುತ್ತದೆ. ಒಂದೆರಡು ಸಲ ಗರಿ ಬದಲಾದ ಮೇಲೆ ಅದು ಹೆಚ್ಚುಕಮ್ಮಿ ಗ್ರೇ ಗಂಡಿನ ಹಾಗೇ ಕಾಣುತ್ತದೆ. ಹೆಣ್ಣು ಚುಕ್ಕೆಗಳನ್ನು ಕೊನೆಯವರೆಗೂ ಉಳಿಸಿಕೊಳ್ಳುತ್ತದೆ. ಹಾಗಾಗಿ ಚುಕ್ಕೆ ಹೋಗುತ್ತಿದೆ, ಜೊತೆಗೆ ಮುಖ ಹಳದಿಯಾಗುತ್ತಿದೆ ಅಂದರೆ ಹಕ್ಕಿ ಗಟ್ಟಿಮುಟ್ಟಾಗಿ ಗಂಡಾಗಿ ಬೆಳೆಯುತ್ತಿದೆ, ಅಷ್ಟೇ. ಚರ್ಮ ಕಾಣುವ ಹಾಗೆ ಗರಿ ಉದುರಿ ಮತ್ತೆ ಬರದಿದ್ದರೆ ಅದು ಬೇರೆ ವಿಷಯ, ವೈದ್ಯರಿಗೆ ತೋರಿಸಿ. ಇಲ್ಲಿ ಒಂದು ತೊಡಕಿದೆ. ಪರ್ಲ್ ಮತ್ತು ಪೈಡ್ ಎರಡೂ ಸೇರಿದ ಗಂಡುಗಳಲ್ಲಿ ಚುಕ್ಕೆ ಅಲ್ಲಲ್ಲಿ ಉಳಿದುಬಿಡುವುದುಂಟು.

ಲುಟಿನೊ, ಅಂದರೆ ಕೆಂಪುಗಣ್ಣಿನ ಬಿಳಿ-ಹಳದಿ ಹಕ್ಕಿ, ಹೆಚ್ಚು ಜನರನ್ನು ಸತಾಯಿಸುವುದು. ಮುಖ ಎರಡಕ್ಕೂ ಹಳದಿ, ಕೆನ್ನೆ ಎರಡಕ್ಕೂ ಕಿತ್ತಳೆ. ಬಾಲದ ಪಟ್ಟೆ ಹೆಣ್ಣಿನಲ್ಲಿ ಇರುತ್ತದೆ, ಆದರೆ ಬಿಳಿಯ ಮೇಲೆ ಹಳದಿಯಾದ್ದರಿಂದ ಸುಲಭವಾಗಿ ಕಾಣುವುದಿಲ್ಲ. ಟ್ಯೂಬ್‌ಲೈಟ್ ಬೆಳಕು ಸಾಲದು. ಬೆಳಿಗ್ಗೆ ಕಿಟಕಿಯ ಹತ್ತಿರ, ಬಾಲದ ಹಿಂದಿನಿಂದ ಬೆಳಕು ಹಾಯುವ ಹಾಗೆ ಹಿಡಿದು ನೋಡಿ. ಇನ್ನೊಬ್ಬರು ಹಕ್ಕಿಯನ್ನು ಹಿಡಿದುಕೊಂಡು, ನೀವು ಮೊಬೈಲಿನಲ್ಲಿ ಹತ್ತಿರದಿಂದ ಒಂದು ಫೋಟೊ ತೆಗೆದು ದೊಡ್ಡದು ಮಾಡಿ ನೋಡಿದರೆ ಇನ್ನೂ ಒಳ್ಳೆಯದು. ಒಂದು ವರ್ಷ ದಾಟಿದ ಲುಟಿನೊದಲ್ಲಿ ಪಟ್ಟೆ ಸ್ಪಷ್ಟ ಕಂಡರೆ ಹೆಣ್ಣು ಅನ್ನಬಹುದು. ಕಾಣದಿದ್ದರೆ ಗಂಡು ಅನ್ನಲು ಬರುವುದಿಲ್ಲ. ನಿಮ್ಮ ಕಣ್ಣಿಗೋ ಬೆಳಕಿಗೋ ಅದು ಸಿಗದೇ ಇರಬಹುದು.

ಪೈಡ್‌ನಲ್ಲಿ ಬಿಳಿ-ಹಳದಿ ತೇಪೆಗಳು ಎಲ್ಲಿ ಬೇಕಾದರೂ ಬೀಳುತ್ತವೆ. ಮುಖದ ಮೇಲೆ, ಬಾಲದ ಮೇಲೆ ಬಿದ್ದರೆ ಗುರುತೆಲ್ಲ ಅಳಿಸಿ ಹೋಗುತ್ತದೆ. ಹೆಣ್ಣಿಗೂ ಹಳದಿ ಮುಖ, ಪಟ್ಟೆಯಿಲ್ಲದ ಬಾಲ ಬರಬಹುದು. ಲುಟಿನೊ ಮತ್ತು ವೈಟ್‌ಫೇಸ್ ಸೇರಿದ ಅಲ್ಬಿನೊದಲ್ಲಂತೂ ಹಳದಿಯೂ ಇಲ್ಲ, ಬೂದೂ ಇಲ್ಲ. ಈ ಎರಡು ಬಣ್ಣಗಳಲ್ಲಿ ಗರಿ ನೋಡುವುದನ್ನು ಬಿಟ್ಟುಬಿಡಿ. ನಡವಳಿಕೆ ಇಲ್ಲವೇ ಲ್ಯಾಬ್, ಎರಡೇ ದಾರಿ.

ನಡವಳಿಕೆ ಹೇಳುವುದು

ಗಂಡು ಹಾಡುತ್ತದೆ. ಕಿರುಚುವುದು ಬೇರೆ, ಹಾಡುವುದು ಬೇರೆ. ಯಾರೂ ಕಾಣದಿದ್ದಾಗ "ನಾನಿಲ್ಲಿದ್ದೇನೆ" ಅಂತ ಕೂಗುವುದು ಎರಡೂ ಮಾಡುತ್ತವೆ. ಗಂಡಿನದು ಏರಿಳಿತ ಇರುವ ಉದ್ದನೆಯ ಸಿಳ್ಳೆ. ಕೇಳಿದ್ದನ್ನು ಕಲಿತು, ಒಂದಕ್ಕೊಂದು ಸೇರಿಸಿ, ಮತ್ತೆ ಮತ್ತೆ ಹೇಳುತ್ತದೆ. ಫೋನ್ ರಿಂಗು, ಕುಕ್ಕರ್ ಸಿಳ್ಳೆ, ಏನಾದರೂ ಆದೀತು. ಜೊತೆಗೆ ಕುಣಿತ. ರೆಕ್ಕೆಗಳನ್ನು ಬೆನ್ನಿನಿಂದ ಸ್ವಲ್ಪ ಎತ್ತಿ ಹಿಡಿದರೆ ಹಿಂದಿನಿಂದ ಹೃದಯದ ಆಕಾರ ಕಾಣುತ್ತದೆ. ಹಾಗೆ ಹಿಡಿದುಕೊಂಡೇ ಕೊಂಬೆಯ ಮೇಲೆ ಠೀವಿಯಿಂದ ಓಡಾಡುತ್ತದೆ. ಕನ್ನಡಿ, ಬಟ್ಟಲು, ನಿಮ್ಮ ಉಗುರು, ಸಿಕ್ಕಿದ್ದರ ಮೇಲೆಲ್ಲ ಕೊಕ್ಕಿನಿಂದ ಟಕಟಕ ಬಡಿಯುತ್ತದೆ. ಈ ಮೂರೂ ಸೇರಿ ಒಂದೇ ಹಕ್ಕಿಯಲ್ಲಿ ದಿನವೂ ಕಂಡರೆ ಬಣ್ಣ ಏನೇ ಇರಲಿ, ಗಂಡು ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಚುರುಕಾದ ಗಂಡುಮರಿ ಮೂರು ನಾಲ್ಕು ತಿಂಗಳಿಗೇ ತೊದಲು ಸಿಳ್ಳೆ ಶುರು ಮಾಡುವುದರಿಂದ, ಗರಿ ಬದಲಾಗುವ ಮೊದಲೇ ಸಿಗುವ ಸುಳಿವು ಇದು.

ಹೆಣ್ಣು ಸಾಮಾನ್ಯವಾಗಿ ಮೌನಿ. ಕೆಲವು ಸಣ್ಣ ಸಿಳ್ಳೆ ಕಲಿಯುತ್ತವೆ, ಆದರೆ ಆ ಹಾಡು-ಕುಣಿತದ ಜೋಡಿ ಅಪರೂಪ. ಬೆದೆಗೆ ಬಂದಾಗ ತಗ್ಗಿ ಕೂತು, ಬಾಲ ಮೇಲೆತ್ತಿ, ಸಣ್ಣ ದನಿಯಲ್ಲಿ ಒಂದೇ ಸಮನೆ ಚೀಂಗುಡುತ್ತದೆ. ಇದು ಹೆಣ್ಣಿನ ಕಡೆಗೆ ತೂಗುವ ಸುಳಿವು.

ಇಲ್ಲೂ ಅದೇ ಎಚ್ಚರ ಬೇಕು. ಹಾಡಿದರೆ ಗಂಡು. ಹಾಡದಿದ್ದರೆ ಹೆಣ್ಣು ಅಂತ ಅಲ್ಲ. ಹೊಸ ಮನೆಗೆ ಬಂದ ಹಕ್ಕಿ, ಗರಿ ಉದುರಿಸುತ್ತಿರುವ ಹಕ್ಕಿ, ಹುಷಾರಿಲ್ಲದ ಹಕ್ಕಿ, ಜೋರು ಮಾಡುವ ಇನ್ನೊಂದು ಗಂಡಿನ ಜೊತೆಯಲ್ಲಿರುವ ಹಕ್ಕಿ, ಇವೆಲ್ಲ ಬಾಯಿ ಮುಚ್ಚಿಕೊಂಡಿರುತ್ತವೆ. ಎರಡು ಗಂಡುಗಳನ್ನು ಜೋಡಿ ಅಂತ ನಂಬಿಸುವುದು ಹೆಚ್ಚಾಗಿ ಇದೇ. ಒಂದು ಹಾಡುತ್ತದೆ, ಇನ್ನೊಂದು ಕೇಳುತ್ತದೆ. ನೋಡಿದವರು ದಂಪತಿ ಅಂದುಕೊಳ್ಳುತ್ತಾರೆ. ಸುಮ್ಮನಿರುವುದನ್ನು ಕೆಲವು ವಾರ ಬೇರೆ ಕೋಣೆಯ ಬೇರೆ ಪಂಜರದಲ್ಲಿ ಇಟ್ಟು ನೋಡಿ. ಅದೂ ಸಿಳ್ಳೆ ಎತ್ತಿದರೆ ನಿಮ್ಮ ಮೊದಲ ತಕರಾರಿಗೆ ಉತ್ತರ ಸಿಕ್ಕ ಹಾಗೆ.

ಒಂದರ ಮೇಲೊಂದು ಹತ್ತುವುದನ್ನು ಕಣ್ಣಾರೆ ಕಂಡಿದ್ದೇವೆ, ಹಾಗಾಗಿ ಪೇರ್ ಖಾತ್ರಿ ಅನ್ನುವವರಿದ್ದಾರೆ. ಅದೂ ಸಾಕ್ಷಿಯಲ್ಲ. ಎರಡು ಹೆಣ್ಣುಗಳು ಜೊತೆಯಾದರೆ ಒಂದು ಗಂಡಿನ ಪಾತ್ರ ಮಾಡುವುದು ಕಾಕಟೀಲ್‌ಗಳಲ್ಲಿ ಇದೆ. ತಲೆ ಕೆರೆದುಕೊಡುವುದು, ಅಂಟಿ ಕೂರುವುದು ಗೆಳೆತನವನ್ನು ತೋರಿಸುತ್ತದೆ, ಗಂಡು ಹೆಣ್ಣನ್ನಲ್ಲ.

ನಂಬಬಾರದ ಗುರುತುಗಳು

ಮೂಗಿನ ಮೇಲಿನ ಬಣ್ಣ ನೋಡುವುದು ಬಜ್ಜಿ, ಅಂದರೆ ಬಜರಿಗಾರ್ ಅನ್ನುವ ಸಣ್ಣ ಗಿಳಿ, ಸಾಕಿದವರ ಅಭ್ಯಾಸ. ಬಜ್ಜಿ ಗಂಡಿಗೆ ನೀಲಿ, ಹೆಣ್ಣಿಗೆ ಕಂದು, ಅದು ಸರಿ. ಕಾಕಟೀಲ್‌ಗೆ ಆ ಲೆಕ್ಕವೇ ಇಲ್ಲ. ನಮ್ಮ ಗಿಳಿಯ ಗಂಡಿಗೆ ಕೊರಳಲ್ಲಿ ಉಂಗುರ ಬರುವ ಹಾಗೆ ಇದಕ್ಕೂ ಏನೋ ಬರುತ್ತದೆ ಅಂತ ಕಾಯುವುದೂ ದಂಡ. ಜುಟ್ಟಿನ ಉದ್ದ, ತಲೆಯ ಅಗಲ, ಮೈತೂಕ ಯಾವುದೂ ನೆಚ್ಚುವಂಥದ್ದಲ್ಲ. ಲುಟಿನೊ ಜುಟ್ಟಿನ ಹಿಂದೆ ಬೋಳು ಜಾಗ ಇದ್ದರೆ ಹೆಣ್ಣು ಅನ್ನುವ ಮಾತೂ ಇದೆ. ಆ ಬೋಳು ಲುಟಿನೊ ವಂಶದ್ದು, ಗಂಡಿಗೂ ಇರುತ್ತದೆ.

ಇನ್ನು ಅನುಭವಸ್ಥರು ಹಕ್ಕಿಯನ್ನು ಮಗುಚಿ ಹಿಡಿದು, ಗುದದ ಮೇಲಿನ ಎರಡು ಮೂಳೆಗಳ ನಡುವಿನ ಜಾಗವನ್ನು ಬೆರಳಲ್ಲಿ ಮುಟ್ಟಿ ಹೇಳುತ್ತಾರೆ. ಮೊಟ್ಟೆ ಇಡುವ ಹೊತ್ತಿನಲ್ಲಿ ಹೆಣ್ಣಿನ ಮೂಳೆ ಅಗಲವಾಗುವುದು ನಿಜ. ಆದರೆ ಮೊಟ್ಟೆ ಇಡದ ಹೆಣ್ಣಿನದು ಗಂಡಿನಷ್ಟೇ ಇಕ್ಕಟ್ಟಾಗಿರಬಹುದು. ಸಂತೆಯಲ್ಲಿ ಯಾರಾದರೂ ಮೂರು ತಿಂಗಳ ಮರಿಗೆ ಹೀಗೆ ಮುಟ್ಟಿ ತೀರ್ಪು ಕೊಟ್ಟರೆ ನಕ್ಕು ಮುಂದೆ ಹೋಗಿ.

ಅಪ್ಪ ಅಮ್ಮನ ಬಣ್ಣ ಗೊತ್ತಿದ್ದರೆ

ಇದು ದುಡ್ಡಿಲ್ಲದ, ಆದರೆ ಗಟ್ಟಿಯಾದ ದಾರಿ. ಯಾಕೋ ಬಳಸುವವರು ಕಡಿಮೆ. ಹಕ್ಕಿಗಳಲ್ಲಿ ಗಂಡಿಗೆ ಎರಡು ಜಡ್ ಕ್ರೋಮೋಸೋಮ್, ಹೆಣ್ಣಿಗೆ ಒಂದು ಜಡ್, ಒಂದು ಡಬ್ಲ್ಯೂ. ಮನುಷ್ಯರಲ್ಲಿ ಮಗು ಗಂಡೋ ಹೆಣ್ಣೋ ಅಪ್ಪನಿಂದ ತೀರ್ಮಾನ, ಹಕ್ಕಿಗಳಲ್ಲಿ ಅಮ್ಮನಿಂದ. ಲುಟಿನೊ, ಪರ್ಲ್, ಸಿನಮನ್ ಈ ಮೂರು ಬಣ್ಣಗಳ ಗುಣ ಜಡ್ ಮೇಲೆ ಕೂತಿದೆ. ಮಗಳಿಗೆ ಜಡ್ ಸಿಗುವುದು ಅಪ್ಪನಿಂದ ಮಾತ್ರ. ಮಗನಿಗೆ ಇಬ್ಬರಿಂದಲೂ ಒಂದೊಂದು.

ಅಂದರೆ, ಲುಟಿನೊ ಅಪ್ಪ, ಗ್ರೇ ಅಮ್ಮ ಇದ್ದರೆ ಲುಟಿನೊ ಮರಿಗಳೆಲ್ಲ ಹೆಣ್ಣು, ಗ್ರೇ ಮರಿಗಳೆಲ್ಲ ಗಂಡು. ಗೂಡಿನಲ್ಲಿ ಕಣ್ಣು ಬಿಡುವ ಮೊದಲೇ ಹೇಳಬಹುದು, ಏಕೆಂದರೆ ಲುಟಿನೊ ಮರಿಯ ಕಣ್ಣು ಮುಚ್ಚಿದ ರೆಪ್ಪೆಯೊಳಗೂ ಕೆಂಪಗೆ ಕಾಣುತ್ತದೆ. ಅಪ್ಪ ನೋಡಲು ಗ್ರೇ, ಅಮ್ಮನೂ ಗ್ರೇ, ಆದರೂ ಒಂದು ಲುಟಿನೊ ಮರಿ ಬಂತು ಅಂದರೆ ಅದು ಹೆಣ್ಣೇ. ಅಪ್ಪ ಸ್ಪ್ಲಿಟ್, ಅಂದರೆ ಗುಣವನ್ನು ಒಳಗೆ ಹೊತ್ತವನು. ಆಗ ಜೊತೆಯ ಗ್ರೇ ಮರಿಗಳು ಎರಡರಲ್ಲಿ ಯಾವುದೂ ಆಗಬಹುದು. ಲುಟಿನೊ ಅಮ್ಮ, ಸ್ಪ್ಲಿಟ್ ಅಲ್ಲದ ಗ್ರೇ ಅಪ್ಪ ಆದರೆ ಮರಿಗಳೆಲ್ಲ ಗ್ರೇ, ಬಣ್ಣ ಏನೂ ಹೇಳುವುದಿಲ್ಲ. ಪರ್ಲ್‌ಗೂ ಸಿನಮನ್‌ಗೂ ಇದೇ ಲೆಕ್ಕ. ಪೈಡ್ ಮತ್ತು ವೈಟ್‌ಫೇಸ್ ಈ ದಾರಿಯಲ್ಲಿ ಬರುವುದಿಲ್ಲ, ಅವುಗಳ ಗುಣ ಬೇರೆ ಕ್ರೋಮೋಸೋಮ್ ಮೇಲಿದೆ.

ಮರಿ ಕೊಳ್ಳುವಾಗ "ಅಪ್ಪ ಅಮ್ಮನ್ನ ತೋರಿಸಿ ಅಣ್ಣಾ" ಅಂತ ಕೇಳುವುದು ಇದಕ್ಕೇ. ಮನೆಯಲ್ಲೇ ಮರಿ ಮಾಡಿಸುವವರು ಸಾಮಾನ್ಯವಾಗಿ ಖುಷಿಯಿಂದ ತೋರಿಸುತ್ತಾರೆ.

ಡಿಎನ್‌ಎ ಪರೀಕ್ಷೆ

ಮರಿಯಲ್ಲಿ, ಪೈಡ್‌ನಲ್ಲಿ, ಅಲ್ಬಿನೊದಲ್ಲಿ ಖಚಿತ ಉತ್ತರ ಬೇಕಾದರೆ ಇದೇ. ಸಿಎಚ್‌ಡಿ 1 ಅನ್ನುವ ಜೀನ್ ಜಡ್ ಮೇಲೂ ಇದೆ, ಡಬ್ಲ್ಯೂ ಮೇಲೂ ಇದೆ, ಎರಡು ಕಡೆ ಅದರ ಒಂದು ಭಾಗದ ಉದ್ದ ಬೇರೆ. ಲ್ಯಾಬಿನಲ್ಲಿ ಆ ಭಾಗವನ್ನು ಪಿಸಿಆರ್ ಮಾಡಿ, ಅಂದರೆ ಅದರ ಪ್ರತಿಗಳನ್ನು ಹೆಚ್ಚಿಸಿ, ನೋಡಿದರೆ ಗಂಡಿಗೆ ಒಂದು ಗೆರೆ, ಹೆಣ್ಣಿಗೆ ಎರಡು ಗೆರೆ ಬರುತ್ತವೆ. 1998ರಲ್ಲಿ ಪ್ರಕಟವಾದ ಈ ವಿಧಾನ ಬಹುತೇಕ ಹಕ್ಕಿಗಳಿಗೆ ಒಗ್ಗುತ್ತದೆ. ಈಗ ಭಾರತದಲ್ಲೇ ಈ ಪರೀಕ್ಷೆ ಮಾಡುವ ಲ್ಯಾಬುಗಳಿವೆ. ಗರಿಯನ್ನು ಅಂಚೆಯಲ್ಲಿ ಕಳಿಸಿದರೆ ಸಾಕು.

ಫಲಿತಾಂಶ ತಪ್ಪು ಬರುವುದು ಹೆಚ್ಚಾಗಿ ಲ್ಯಾಬಿನಿಂದಲ್ಲ, ಕಳಿಸುವ ರೀತಿಯಿಂದ. ಪಂಜರದ ತಳದಲ್ಲಿ ಬಿದ್ದ ಗರಿ ಬೇಡ. ಅದರ ಬುಡದಲ್ಲಿ ಜೀವಕೋಶ ಅಷ್ಟಾಗಿ ಉಳಿದಿರುವುದಿಲ್ಲ, ಮತ್ತು ಯಾವ ಹಕ್ಕಿಯದು ಅಂತಲೂ ಖಾತ್ರಿಯಿಲ್ಲ. ಎದೆಯಿಂದ ನಾಲ್ಕೈದು ಸಣ್ಣ ಗರಿ ಆಗಷ್ಟೇ ಕಿತ್ತು ಕಳಿಸಿ. ಬುಡ ಮುಟ್ಟಬೇಡಿ. ಒಂದು ಹಕ್ಕಿ ಮುಗಿಸಿ ಕೈ ತೊಳೆದು ಇನ್ನೊಂದನ್ನು ಹಿಡಿಯಿರಿ. ಲಕೋಟೆಯ ಮೇಲೆ ಉಂಗುರದ ನಂಬರನ್ನು ಗರಿ ಹಾಕುವ ಮೊದಲೇ ಬರೆದಿಡಿ. ಇಬ್ಬರ ಲಕೋಟೆ ಅದಲುಬದಲಾದರೆ ಯಾವ ತಂತ್ರಜ್ಞಾನವೂ ಕಾಪಾಡುವುದಿಲ್ಲ.

ಈಗ ಮೊಟ್ಟೆಯ ತಕರಾರುಗಳಿಗೆ ಬರೋಣ

ಮೊಟ್ಟೆಯೇ ಇಲ್ಲ ಅಂದರೆ ಎರಡೂ ಗಂಡು ಅನ್ನುವ ಅನುಮಾನ ಮೊದಲು. ಡಿಎನ್‌ಎ ಜೋಡಿ ಸರಿಯಿದೆ ಅಂದರೆ ವಯಸ್ಸು ನೋಡಿ. ಹೆಣ್ಣಿಗೆ ಒಂದೂವರೆ ವರ್ಷ ಆಗುವವರೆಗೆ ಅವಸರ ಬೇಡ. ಆಮೇಲೆ ಗೂಡು. ಬಜ್ಜಿಗೆ ಕಟ್ಟುವ ಮಣ್ಣಿನ ಮಡಕೆ ಇದಕ್ಕೆ ಸಾಲುವುದಿಲ್ಲ. ಉದ್ದ, ಅಗಲ, ಎತ್ತರ ಸುಮಾರು 30 ಸೆಂಟಿಮೀಟರ್ ಇರುವ ಮರದ ಬಾಕ್ಸ್ ಬೇಕು.

ಮೊಟ್ಟೆ ಇದೆ, ಮರಿ ಇಲ್ಲ ಅಂದರೆ ಪೆನ್ಸಿಲ್ ತೆಗೆದುಕೊಳ್ಳಿ. ಪ್ರತಿ ಮೊಟ್ಟೆಯ ಮೇಲೆ ಇಟ್ಟ ದಿನವನ್ನು ಮೆಲ್ಲಗೆ ಬರೆಯಿರಿ. ಒಂದು ಹೆಣ್ಣು ಸಾಮಾನ್ಯವಾಗಿ ದಿನ ಬಿಟ್ಟು ದಿನ ಒಂದು ಮೊಟ್ಟೆ ಇಡುತ್ತದೆ, ಒಟ್ಟು ನಾಲ್ಕರಿಂದ ಏಳು. ಒಂದೇ ದಿನ ಎರಡು ಹೊಸ ಮೊಟ್ಟೆ ಕಂಡರೆ, ಅಥವಾ ಕೆಲವೇ ದಿನದಲ್ಲಿ ಎಂಟು ಹತ್ತು ಆದರೆ, ಎರಡೂ ಹೆಣ್ಣು. ಬೇರೆ ಪರೀಕ್ಷೆಯೇ ಬೇಡ. ಇಬ್ಬರೂ ಕಾವಿಗೆ ಕೂರುವುದು ಗೊಂದಲ ಮಾಡುತ್ತದೆ ನಿಜ, ಯಾಕೆಂದರೆ ಸರಿಯಾದ ಜೋಡಿಯಲ್ಲೂ ಗಂಡು ಹಗಲು, ಹೆಣ್ಣು ರಾತ್ರಿ ಕೂರುವುದು ವಾಡಿಕೆ.

ಮೊಟ್ಟೆ ಐದಾರೇ ಇದ್ದು ಅನುಮಾನ ಉಳಿದರೆ, ಕಾವಿಗೆ ಕೂತ ಒಂದು ವಾರದ ಮೇಲೆ ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಿಡಿದು ನೋಡಿ. ಒಳಗೆ ಕೆಂಪು ನರಗಳ ಬಲೆ ಕಂಡರೆ ಗಂಡು ಇದೆ, ಕೆಲಸವೂ ಮಾಡಿದೆ. ಹಾಗಿದ್ದರೂ ಮರಿ ಆಗುತ್ತಿಲ್ಲ ಅಂದರೆ ತೊಂದರೆ ಕಾವಿನಲ್ಲಿರಬಹುದು. ಮೊಟ್ಟೆ ಒಡೆಯಲು 18ರಿಂದ 21 ದಿನ ಬೇಕು. ನರ ಕಾಣದೆ ಎಲ್ಲ ತಿಳಿಯಾಗಿದ್ದರೆ ಗೊಡ್ಡು ಮೊಟ್ಟೆ. ಎರಡು ಹೆಣ್ಣು ಒಂದು ಕಾರಣ ಅಷ್ಟೇ. ಗಂಡು ಇನ್ನೂ ಎಳೆಯದಿರಬಹುದು. ಕೂರುವ ಕೋಲು ಅಲ್ಲಾಡುತ್ತಿರಬಹುದು. ಕೋಲು ಗಟ್ಟಿಯಿಲ್ಲದಿದ್ದರೆ ಕೂಡುವಾಗ ಹಕ್ಕಿಗಳು ಜಾರುತ್ತವೆ. ಎರಡು ತಿರುಪು ಬಿಗಿ ಮಾಡಿ ಸರಿಹೋದ ಜೋಡಿಗಳಿವೆ.

ಎರಡೂ ಹೆಣ್ಣು ಅಂತ ಗೊತ್ತಾದ ತಕ್ಷಣ ಮೊಟ್ಟೆ ತೆಗೆದು ಎಸೆಯಬೇಡಿ. ಖಾಲಿಯಾದ ಗೂಡು ತುಂಬಲು ಮತ್ತೆ ಇಡುತ್ತವೆ, ಮೈಯ ಕ್ಯಾಲ್ಸಿಯಂ ಬರಿದಾಗುತ್ತದೆ. ಬೇಸರ ಬಂದು ಅವೇ ಬಿಟ್ಟು ಏಳುವವರೆಗೆ ಇರಲಿ, ಆಮೇಲೆ ಬಾಕ್ಸ್ ತೆಗೆಯಿರಿ. ಅವೆರಡನ್ನೂ ಬೇರೆ ಮಾಡಲೇಬೇಕು ಅಂತಿಲ್ಲ. ಮರಿ ಬೇಕೇ ಬೇಕು ಅಂದರೆ ಮಾತ್ರ ಗಂಡು ತನ್ನಿ.

ಒಂಟಿ "ಗಂಡು" ಮೊಟ್ಟೆ ಇಟ್ಟರೆ ಅಲ್ಲಿಗೆ ವಿಚಾರಣೆ ಮುಗಿಯಿತು, ಅದು ಹೆಣ್ಣು. ಗಂಡಿನ ಜೊತೆ ಇಲ್ಲದೆಯೂ ಹೆಣ್ಣು ಮೊಟ್ಟೆ ಇಡುತ್ತದೆ, ನಾಟಿ ಕೋಳಿ ಇಡುವುದಿಲ್ಲವೇ? ಹೆಸರು ಬದಲಾಯಿಸುವುದು ನಿಮ್ಮಿಷ್ಟ, ಆರೈಕೆ ಮಾತ್ರ ಬದಲಾಗಲೇಬೇಕು. ಪಂಜರದಲ್ಲಿ ಕಟಲ್‌ಬೋನ್, ಅಂದರೆ ಕ್ಯಾಲ್ಸಿಯಂ ಕೊಡುವ ಕಟಲ್‌ಫಿಶ್ ಚಿಪ್ಪು, ಯಾವಾಗಲೂ ಇರಲಿ. ಬರೀ ನವಣೆ, ಸೂರ್ಯಕಾಂತಿ ಬೀಜ ಸಾಲದು, ಸೊಪ್ಪು, ಬೇಯಿಸಿದ ಮೊಟ್ಟೆ ಸ್ವಲ್ಪ ಕೊಡಿ. ಮತ್ತೆ ಮತ್ತೆ ಇಡುತ್ತಿದ್ದರೆ ಕತ್ತಲಿನ ಸಮಯ ಹೆಚ್ಚಿಸಿ, ಗೂಡಿನಂಥ ಡಬ್ಬಿ, ಬಟ್ಟೆ ಮೂಲೆಗಳನ್ನು ತೆಗೆಯಿರಿ. ತಲೆ ಸವರಿ, ಬೆನ್ನು ಸವರಬೇಡಿ, ಅದು ಬೆದೆ ಎಬ್ಬಿಸುತ್ತದೆ.

ಗರಿ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತು, ಬಾಲ ಮೇಲೆ ಕೆಳಗೆ ಆಡಿಸುತ್ತ ತಿಣುಕುತ್ತಿದ್ದರೆ ಮೊಟ್ಟೆ ಒಳಗೆ ಸಿಕ್ಕಿಹಾಕಿಕೊಂಡಿರಬಹುದು. ಎಣ್ಣೆ ಹಚ್ಚಿ ಹಿಂಡಲು ಹೋಗಬೇಡಿ. ಒಳಗೆ ಒಡೆದರೆ ಹಕ್ಕಿ ಉಳಿಯುವುದು ಕಷ್ಟ. ಸುಮಾರು 30 ಡಿಗ್ರಿ ಬೆಚ್ಚಗಿರುವ ಡಬ್ಬಿಯಲ್ಲಿಟ್ಟು, ಅದೇ ದಿನ, ಸಾಧ್ಯವಾದರೆ ಅದೇ ಗಂಟೆಯಲ್ಲಿ, ಹಕ್ಕಿ ನೋಡುವ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಅಂಥ ವೈದ್ಯರ ನಂಬರನ್ನು ಇವತ್ತೇ ಹುಡುಕಿ ಫೋನಿನಲ್ಲಿ ಹಾಕಿಟ್ಟುಕೊಳ್ಳಿ. ಎಲ್ಲ ಪಶು ಆಸ್ಪತ್ರೆಗಳಲ್ಲೂ ಹಕ್ಕಿ ನೋಡುವವರು ಸಿಗುವುದಿಲ್ಲ.